ಕೊನೆಯ ನಳದ ನೀರು



ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದ ಪ್ರಸಂಗವನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ. ಪ್ರಭುಗಳು ಸಿದ್ಧರಾಮರನ್ನು ಮಣ್ಣು ಅಗೆಯುವವನೆಂಬಂತೆ ಹಗುರಾಗಿ ಕರೆದದ್ದು, ಅದನ್ನು ಕೇಳಿ ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ತೂರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಕೆರೆ ಕಟ್ಟುವುದು ಹೊರಗಿನ ಕೆಲಸ, ಅರಿವು ಒಳಗಿನದು, ಒಳಗಿನದೇ ಹೆಚ್ಚು ಎಂದು ಕೆಲವರು ಇದರ ಸಾರ ಹೇಳುವುದುಂಟು. ನನಗೆ ಅದು ಹಾಗೆ ಕಾಣುವುದಿಲ್ಲ. ಕೆರೆ ಮುಚ್ಚಿಸು ಎಂದು ಪ್ರಭುಗಳು ಹೇಳಲಿಲ್ಲ. ಕಟ್ಟಿದವನು ನಾನು ಎಂಬ ಭಾವವನ್ನು ಅವರು ಪ್ರಶ್ನಿಸಿದರು. ಸರಕಾರಿ ಸೇವೆಯಲ್ಲಿದ್ದಾಗ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿದ್ದರೆ ಇಂದು ಈ ಲೇಖನವನ್ನು ಬೇರೆ ಧಾಟಿಯಲ್ಲಿ ಬರೆಯುತ್ತಿದ್ದೆನೋ ಏನೋ.

ನಾನು ಸಿವಿಲ್ ಎಂಜಿನಿಯರ್. ಪದವಿ ಮುಗಿಸಿದ ಮರುವರ್ಷವೇ ನೌಕರಿಗೆ ಸೇರಿ, ಉತ್ತರ ಕರ್ನಾಟಕದ ಒಣ ತಾಲೂಕುಗಳಲ್ಲಿ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಕೆಲಸದಲ್ಲೇ ಮೂರು ದಶಕ ಕಳೆದೆ. ಪ್ರತಿ ವರ್ಷ ಮಾರ್ಚ್ ಬಂತೆಂದರೆ ಮೇಲಿನಿಂದ ಕೇಳುತ್ತಿದ್ದದ್ದು ಮೂರೇ ಲೆಕ್ಕ: ಎಷ್ಟು ಬೋರ್ ಕೊರೆಸಿದಿರಿ, ಎಷ್ಟು ಟಾಕಿ ಕಟ್ಟಿಸಿದಿರಿ, ಎಷ್ಟು ಖರ್ಚಾಯಿತು? ಮೂರಕ್ಕೂ ನನ್ನ ಬಳಿ ಉತ್ತರವಿರುತ್ತಿತ್ತು. ಒಳ್ಳೆಯ ಅಧಿಕಾರಿ ಎಂಬ ಹೆಸರೂ ಇತ್ತು. ಊರಿನ ಕಟ್ಟಕಡೆಯ ನಳದಲ್ಲಿ ಎಂಥ ನೀರು ಬರುತ್ತಿದೆ, ಎಷ್ಟು ಬರುತ್ತಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಹೋಗಿ ನೋಡಲಿಲ್ಲ.

ನೋಡುವ ಪ್ರಸಂಗ ಬಂದದ್ದು ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ.

ಬೀಗರ ಮನೆಯ ಊಟ

ನಾನೇ ನಿಂತು ಮಾಡಿಸಿದ ಯೋಜನೆಯ ಒಂದು ಹಳ್ಳಿ. ಅಲ್ಲಿ ನಮ್ಮ ಬೀಗರ ಮನೆಯೂ ಇತ್ತು. ಪರಿಶೀಲನೆಗೆ ಹೋದಾಗ ಜನತಾ ಪ್ಲಾಟಿನ ಹೆಣ್ಣುಮಗಳೊಬ್ಬಳು ಖಾಲಿ ಕೊಡ ಹಿಡಿದು ನನ್ನ ಜೀಪಿನ ಮುಂದೆ ಬಂದು ನಿಂತಳು. "ಸಾಹೇಬ್ರ, ಟಾಕಿ ತುಂಬಾ ನೀರು ಐತಂತೀರಿ. ಮ್ಯಾಲಿನ ಓಣಿಗೆ ಬರೋ ನೀರು ನಮ್ಗ ಯಾಕ ಬರಂಗಿಲ್ರಿ?" ಎಂದಳು. ನಾನು ನೀರುಗಂಟಿಯನ್ನು ಕರೆದು ವಾಲ್ವ್ ತೆಗೆಸಿ ನೋಡಿದೆ. ವಾಲ್ವ್ ಸರಿಯಾಗಿಯೇ ಇತ್ತು. ಪೈಪಿನ ಅಳತೆ, ಟಾಕಿಯ ಎತ್ತರ ಎಲ್ಲವೂ ನಾನು ಹಾಕಿದ ಲೆಕ್ಕದಂತೆಯೇ ಇದ್ದವು. ಆದರೂ ಅವಳ ನಳದಲ್ಲಿ ಒಂದು ಕೊಡ ತುಂಬಲು ಏಳು ನಿಮಿಷ ಹಿಡಿಯಿತು. ನೀರು ಬಿಡುವುದು ದಿನಕ್ಕೆ ಮುಕ್ಕಾಲು ತಾಸು. ಆ ನಳಕ್ಕೆ ಹನ್ನೊಂದು ಮನೆಗಳು. ಮನೆಗೆ ಒಂದು ಕೊಡವೂ ಪಾಲಿಗೆ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬೀಗರ ಮನೆಯಲ್ಲಿ ಪೂಜೆ ಮುಗಿಸಿ ಊಟಕ್ಕೆ ಕೂತಿದ್ದೆ. ಹಿತ್ತಲಿನಿಂದ ಮೋಟಾರಿನ ಸದ್ದು ಕೇಳಿಸಿತು. ನಳದ ಪೈಪಿಗೇ ನೇರವಾಗಿ ಅರ್ಧ ಅಶ್ವಶಕ್ತಿಯ ಮೋಟಾರು ಹಚ್ಚಿ ಮಾಳಿಗೆಯ ಮೇಲಿನ ಟಾಕಿ ತುಂಬಿಸುತ್ತಿದ್ದರು. ನಾನು ಕೇಳಿದ್ದಕ್ಕೆ ಬೀಗರು ಸಂಕೋಚವಿಲ್ಲದೆ, "ಎಲ್ಲಾರೂ ಹಚ್ಯಾರ್ರಿ ಬೀಗರ. ನಾ ಒಬ್ಬಾಂವ ಬಿಟ್ರ ಏನಾಕ್ಕೈತ್ರಿ?" ಎಂದರು. ಆ ಓಣಿಯಲ್ಲಿ ಒಂಬತ್ತು ಮನೆಗಳಲ್ಲಿ ಮೋಟಾರು ಇದ್ದವು. ಒಂಬತ್ತೂ ನಮ್ಮವರ ಮನೆಗಳು. ಎಲ್ಲ ಮನೆಗಳ ಪಡಸಾಲೆಯಲ್ಲಿ ಅಪ್ಪ ಬಸವಣ್ಣನವರ ಫೋಟೋ ಇತ್ತು. ನಾನು ತಾಟಿನಲ್ಲಿದ್ದ ರೊಟ್ಟಿ ಉಂಡು, ಕೈ ತೊಳೆದು, ಏನೂ ಹೇಳದೆ ಎದ್ದು ಬಂದೆ.

ಅದೇ ಮಳೆಗಾಲದಲ್ಲಿ ಜನತಾ ಪ್ಲಾಟಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಇಬ್ಬರು ಮಕ್ಕಳು ತಾಲೂಕು ಆಸ್ಪತ್ರೆ ಸೇರಿ ಹೇಗೋ ಉಳಿದು ಬಂದರು. ನೀರಿನ ಮಾದರಿಯಲ್ಲಿ ಮಲದ ರೋಗಾಣು ಇದೆಯೆಂದು ಪ್ರಯೋಗಾಲಯದ ವರದಿ ಬಂತು. ನಾನು ಕಾರಣದ ಕಾಲಮಿನಲ್ಲಿ 'ಪೈಪ್ ಸೋರಿಕೆ' ಎಂದು ಬರೆದು ಸಹಿ ಮಾಡಿದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಮೋಟಾರಿನ ವಿಷಯ ನಾನು ಬರೆಯಲಿಲ್ಲ. ಈ ಅರ್ಧಸತ್ಯವನ್ನು ಇಷ್ಟು ವರ್ಷಗಳ ಮೇಲೆ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಮೋಟಾರು ಮಾಡುವ ಕೆಲಸ

ಇದರ ಹಿಂದಿನ ತಾಂತ್ರಿಕ ಸಂಗತಿ ಬಹಳ ಸರಳ. ಪೈಪಿನಲ್ಲಿ ನೀರು ಒತ್ತಡದಿಂದ ತುಂಬಿ ಹರಿಯುತ್ತಿರುವಾಗ, ಎಲ್ಲಾದರೂ ತೂತಿದ್ದರೆ ಒಳಗಿನ ನೀರು ಹೊರಕ್ಕೆ ಸೋರುತ್ತದೆ. ಅದರಿಂದ ನೀರು ಪೋಲಾಗುತ್ತದೆ ಅಷ್ಟೇ. ಆದರೆ ಮೇಲಿನ ಓಣಿಯಲ್ಲಿ ಒಂಬತ್ತು ಮೋಟಾರುಗಳು ಒಮ್ಮೆಲೇ ಜಗ್ಗಿದಾಗ ಪೈಪಿನೊಳಗಿನ ಒತ್ತಡ ಕುಸಿದು ಹೊರಗಿಗಿಂತ ಕಡಿಮೆಯಾಗುತ್ತದೆ. ಆಗ ಅದೇ ತೂತು ಹೊರಗಿನದನ್ನು ಒಳಕ್ಕೆ ಹೀರುತ್ತದೆ. ನಮ್ಮ ಹಳ್ಳಿಗಳಲ್ಲಿ ನೀರಿನ ಪೈಪು ಎಷ್ಟೋ ಕಡೆ ಗಟಾರದ ಅಡಿಯಲ್ಲೇ ಹಾಯ್ದು ಹೋಗುತ್ತದೆ. ಹಾಗೆ ಹೀರಿದ ಗಟಾರದ ನೀರು ಮುಂದಿನ ನಳಗಳಿಗೆ ಹೋಗುತ್ತದೆ. ನೀರು ಬಿಡುವುದು ನಿಂತು ಪೈಪು ಖಾಲಿಯಾದಾಗಲೂ ಹೀಗೆಯೇ ಆಗುತ್ತದೆ. ದಿನಕ್ಕೆ ಒಂದು ತಾಸು ಮಾತ್ರ ನೀರು ಬಿಡುವ ಊರಿನಲ್ಲಿ ಉಳಿದ ಇಪ್ಪತ್ಮೂರು ತಾಸು ಈ ಅಪಾಯ ಇದ್ದೇ ಇರುತ್ತದೆ.

ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವಲ್ಲ ಎಂದು ಪಂಚಾಯಿತಿಯವರು ಹೇಳುತ್ತಾರೆ. ಕ್ಲೋರಿನ್ ದಾರಿಯುದ್ದಕ್ಕೂ ಹೊಲಸಿನ ಜೊತೆ ಸೇರಿ ತೀರುತ್ತ ಹೋಗುತ್ತದೆ. ಟಾಕಿಯಲ್ಲಿ ಸಾಕಷ್ಟಿದ್ದದ್ದು ಕೊನೆಯ ನಳ ಮುಟ್ಟುವ ಹೊತ್ತಿಗೆ ಸೊನ್ನೆಯಾಗಬಹುದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಅದು ಉಳಿದಿದೆಯೇ ಎಂದು ನೋಡಬೇಕಾದದ್ದು ಟಾಕಿಯ ಬುಡದಲ್ಲಲ್ಲ, ಬಳಸುವವರ ಮನೆಯ ನಳದಲ್ಲಿ.

2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅಂಥದೇ ಸಾವುಗಳಾದವು. ಅವೆರಡೂ ಜನ ನಳದ ನೀರನ್ನು ನಂಬಿ ಕುಡಿದ ಊರುಗಳು. ಪ್ರತಿ ಸಲವೂ ಕೆಲವು ನೌಕರರನ್ನು ಅಮಾನತು ಮಾಡುತ್ತಾರೆ, ಪರಿಹಾರ ಘೋಷಿಸುತ್ತಾರೆ, ಟ್ಯಾಂಕರ್ ಕಳಿಸುತ್ತಾರೆ. ಮುಂದಿನ ಮಳೆಗಾಲ ಬರುವ ತನಕ ನಾವೂ ಮರೆತಿರುತ್ತೇವೆ.

ಆಳಕ್ಕೆ ಹೋದಷ್ಟೂ

ಈಗ ನೀರಿನ ಮೂಲದ ಮಾತಿಗೆ ಬರೋಣ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಇನ್ನೂರು ಅಡಿ ಕೊರೆದರೆ ಕೈಪಂಪಿಗೆ ಸಾಕಾಗುವಷ್ಟು ನೀರು ಸಿಗುತ್ತಿತ್ತು. ನಿವೃತ್ತಿಯ ಹೊತ್ತಿಗೆ ಎಂಟುನೂರು ಅಡಿಯ ಅಂದಾಜುಪಟ್ಟಿಗೆ ಸಹಿ ಮಾಡುತ್ತಿದ್ದೆ. ಈ ಆರುನೂರು ಅಡಿಯ ಅಂತರವನ್ನು ಹಣದಲ್ಲಿ ಮಾತ್ರ ಲೆಕ್ಕ ಹಾಕಿದರೆ ಸಾಲದು. ನಮ್ಮದು ಹೆಚ್ಚಾಗಿ ಗಟ್ಟಿ ಕಲ್ಲಿನ ನೆಲ. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಾಗ 1.5ರ ವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು, ಮೊಣಕಾಲು ಬಿಗಿಯುತ್ತವೆ. ಮುಂಡರಗಿ, ಪಾವಗಡದಂಥ ತಾಲೂಕುಗಳ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಹೀಗಾಗಿ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು. ಘಟಕಗಳು ಬೇಡವೆಂದು ನಾನು ಹೇಳುತ್ತಿಲ್ಲ. ಫ್ಲೋರೈಡ್ ಇರುವ ಊರಿಗೆ ಇವತ್ತಿನ ಮಟ್ಟಿಗೆ ಅವು ಬೇಕೇ ಬೇಕು. ಆದರೆ ಔಷಧಿಯೇ ಊಟವಾಗಬಾರದು. ಈ ಯಂತ್ರ ಶುದ್ಧ ಮಾಡುವಾಗ ಒಳಹೋದ ನೀರಿನಲ್ಲಿ ದೊಡ್ಡ ಪಾಲನ್ನು ಹೊರಹಾಕುತ್ತದೆ. ಎಷ್ಟೋ ಘಟಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆಯೇ ಹೋಗುತ್ತದೆ. ಫ್ಲೋರೈಡ್, ಉಪ್ಪು ಎಲ್ಲ ಗಟ್ಟಿಯಾಗಿ ಸೇರಿಕೊಂಡ ಆ ನೀರು ಪಕ್ಕದ ಗಟಾರಕ್ಕೆ ಹರಿದು ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಘಟಕ ಕೆಟ್ಟು ಎರಡು ತಿಂಗಳು ನಿಂತರೆ ಗಾಡಿ ಇರುವವರು ಪಕ್ಕದ ಊರಿನಿಂದ ಕ್ಯಾನ್ ತರುತ್ತಾರೆ. ಗಾಡಿಯಿಲ್ಲದವರು, ದಿನಗೂಲಿಯಲ್ಲಿ ಐದು ರೂಪಾಯಿಯನ್ನೂ ಲೆಕ್ಕ ಹಾಕುವವರು ಮತ್ತೆ ಬೋರಿನ ನೀರನ್ನೇ ಕುಡಿಯುತ್ತಾರೆ. ಇಲ್ಲಿಯೂ ಪೆಟ್ಟು ಬೀಳುವುದು ಕೊನೆಯ ಮನೆಗೇ.

ಕೆರೆಯೆಂಬ ದಾಸೋಹ

ಬೋರು ಇರುವುದು ಹಣ ಇದ್ದವನ ಹೊಲದಲ್ಲಿ. ಕೆರೆ ಹಾಗಲ್ಲ. ಅದು ತುಂಬಿದರೆ ಕೆಳಗಿನ ಎಲ್ಲ ಬಾವಿಗಳಿಗೂ ನೀರು ಏರುತ್ತದೆ, ಯಾರ ಬಾವಿ ಎಂದು ಕೇಳುವುದಿಲ್ಲ. ಎಲ್ಲರಿಗೂ ಒಂದೇ ಪಂಕ್ತಿಯ ದಾಸೋಹವೆಂದರೆ ನನ್ನ ಕಣ್ಣಿಗೆ ಕೆರೆಯೇ. ಮಳೆನೀರು ಮೇಲಿನ ಪದರಕ್ಕೆ ಇಂಗಿದಾಗ ಅಲ್ಲಿಯ ನೀರಿನಲ್ಲಿ ಫ್ಲೋರೈಡಿನ ಪ್ರಮಾಣವೂ ತಗ್ಗುವುದುಂಟು. ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ. ಎಷ್ಟೋ ಕೆರೆಗಳು ಉಳಿದಿರುವುದು ಉತಾರದಲ್ಲಿ ಮಾತ್ರ. ನೆಲದ ಮೇಲೆ ಕಾಣುವುದು ಜಾಲಿ ಕಂಟಿ.

ಹೂಳೆತ್ತುವ ಕೆಲಸ ಈಗ ಅಲ್ಲಲ್ಲಿ ನಡೆಯುತ್ತಿರುವುದು ಸಂತೋಷವೇ. ಆದರೆ ಒಬ್ಬ ಎಂಜಿನಿಯರ್ ಆಗಿ ಒಂದು ಮಾತು ಹೇಳಲೇಬೇಕು. ಜೆಸಿಬಿ ತಂದು ಕೆರೆಯ ನಡುವೆ ದೊಡ್ಡ ಹೊಂಡ ತೋಡಿ, ಆ ಮಣ್ಣನ್ನು ದಂಡೆಗೇ ಸುರಿದು, ಫೋಟೋ ತೆಗೆಸಿಕೊಂಡರೆ ಕೆರೆ ತುಂಬುವುದಿಲ್ಲ. ಸುರಿದ ಮಣ್ಣು ಮೊದಲ ಮಳೆಗೇ ಮತ್ತೆ ಒಳಗೆ ಇಳಿಯುತ್ತದೆ. ಕೆರೆಗೆ ನೀರು ತರುವ ಹಳ್ಳ, ಕಾಲುವೆಗಳನ್ನು ಮೊದಲು ಬಿಡಿಸಬೇಕು. ಅವು ಒತ್ತುವರಿಯಾಗಿರುವುದು ಬಹಳ ಸಲ ಊರಿನ ದೊಡ್ಡವರಿಂದಲೇ. ಆಮೇಲೆ ಕೋಡಿ, ತೂಬು, ಏರಿ ಸರಿಪಡಿಸಬೇಕು. ಹೂಳನ್ನು ರೈತರ ಹೊಲಗಳಿಗೆ ಸಾಗಿಸಬೇಕು, ಅದು ಅವರಿಗೆ ಒಳ್ಳೆಯ ಗೊಬ್ಬರ. ಊರಿನ ಗಟಾರವನ್ನು ಯಾವ ಕಾರಣಕ್ಕೂ ಕೆರೆಗೆ ಬಿಡಬಾರದು.

ಮಠಗಳು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಗಳಿವೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಸ್ವತಃ ಹಳ್ಳಕ್ಕಿಳಿದು ನಿಂತಾಗ, ಹೂಳು, ಕಸ, ಜಾಲಿಯಿಂದ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ಜನ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛ ಮಾಡಿದರು. ಭರಮಸಾಗರ, ಜಗಳೂರು ಭಾಗದ ಕೆರೆಗಳಿಗೆ ತುಂಗಭದ್ರೆಯ ನೀರು ತರಿಸಲು ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳು ಸರಕಾರದ ಬೆನ್ನು ಹತ್ತಿ ಕೆಲಸ ಮಾಡಿಸಿದರು. ಸರಕಾರದ ಆದೇಶದಿಂದ ಆಗದ ಒಂದು ಕೆಲಸ ಮಠದ ಮಾತಿನಿಂದ ಆಗುತ್ತದೆ. ಅದು ಒತ್ತುವರಿ ಮಾಡಿದವನು ತಾನಾಗಿ ಹಿಂದೆ ಸರಿಯುವುದು. ನನ್ನ ಸೇವಾವಧಿಯಲ್ಲಿ ನೋಟಿಸಿನಿಂದ ಸರಿದವರನ್ನು ನಾನು ಕಾಣಲಿಲ್ಲ. ಸ್ವಾಮಿಗಳು ಮನೆಗೆ ಬಂದು ಹೇಳಿದ್ದಕ್ಕೆ ಬೇಲಿ ಕಿತ್ತವರನ್ನು ಕಂಡಿದ್ದೇನೆ.

ಎರಡು ಆಕ್ಷೇಪಗಳು

ಇದೆಲ್ಲ ಸರಕಾರದ ಕೆಲಸ, ನಾವು ತೆರಿಗೆ ಕೊಟ್ಟಿದ್ದೇವೆ ಎನ್ನುವವರಿದ್ದಾರೆ. ಸರಕಾರದ ಕೆಲಸ ಹೌದು, ಅದನ್ನು ಕೇಳಿ ಪಡೆಯಲೇಬೇಕು. ಶುದ್ಧ ನೀರು ಮನುಷ್ಯನ ಹಕ್ಕು ಎಂದು 2010ರಲ್ಲಿ ವಿಶ್ವಸಂಸ್ಥೆಯೂ ಸಾರಿದೆ. ಆದರೆ ನಮ್ಮ ಹಿತ್ತಲಿನ ಮೋಟಾರನ್ನು ಸರಕಾರ ಹಚ್ಚಿಲ್ಲ.

ಈಗ ಮನೆಮನೆಗೆ ಗಂಗೆ ಬಂದಿದೆಯಲ್ಲ ಎನ್ನುವುದು ಇನ್ನೊಂದು ಮಾತು. 2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್ ದೊಡ್ಡ ಕೆಲಸ, ಅನುಮಾನವಿಲ್ಲ. ಪ್ರತಿ ಹಳ್ಳಿ ಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರ್ ನೀರು ಅದರ ಗುರಿ. ಆದರೆ ನಳ ಕೂಡಿಸಿದ್ದನ್ನೇ ಎಣಿಸಿ, ನೀರು ಬಂದದ್ದನ್ನು ಅಳೆಯದಿದ್ದರೆ ನಾನು ಮಾಡಿದ ತಪ್ಪೇ ದೊಡ್ಡದಾಗಿ ಆಗುತ್ತದೆ.

ಮಹಾಡದ ಚವದಾರ ಕೆರೆಯನ್ನು ಇಲ್ಲಿ ನೆನೆಯಬೇಕು. ಅಲ್ಲಿಯ ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದು ಠರಾವು ಮಾಡಿ ವರ್ಷಗಳೇ ಕಳೆದಿದ್ದವು. ಆದರೂ ದಲಿತರು ಅದರ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿಯಬೇಕಾಯಿತು. ಇಂದು ನಮ್ಮ ಊರುಗಳಲ್ಲಿ ಯಾರೂ ಯಾರನ್ನೂ ನಳ ಮುಟ್ಟಬೇಡ ಎನ್ನಲಿಕ್ಕಿಲ್ಲ. ಆದರೆ ಟಾಕಿ ಊರ ಮೇಲ್ಭಾಗದಲ್ಲಿ, ಪೈಪಿನ ತುದಿ ಕೇರಿಯಲ್ಲಿ, ನಡುವೆ ನಮ್ಮ ಮೋಟಾರುಗಳು. ಬಾಯಿಯಿಂದ ಬೇಡವೆನ್ನದೆಯೇ ನೀರು ತಪ್ಪಿಸುವ ಏರ್ಪಾಡು ಇದು. ಜಾತಿ ಅಳಿಸಲು ಹೊರಟ ಶರಣರ ಹೆಸರು ಹೇಳುವ ನಾವು ಇದನ್ನು ಗಮನಿಸದಿದ್ದರೆ ಇನ್ನಾರು ಗಮನಿಸಬೇಕು?

ನಾವು ಮಾಡಬಹುದಾದದ್ದು

ಮೊದಲನೆಯದು ಮೋಟಾರು. ಮಾಳಿಗೆಗೆ ನೀರು ಏರಿಸುವುದು ತಪ್ಪಲ್ಲ. ನೆಲದಲ್ಲಿ ಸಣ್ಣ ಟಾಕಿ ಕಟ್ಟಿಸಿ, ನಳದ ನೀರು ತಾನಾಗಿ ಅದಕ್ಕೆ ಇಳಿಯುವಂತೆ ಮಾಡಿ, ತುಂಬಿದರೆ ನಿಲ್ಲುವಂತೆ ಬಾಲ್‌ ವಾಲ್ವ್ ಕೂಡಿಸಿ, ಆ ಟಾಕಿಯಿಂದ ಮೋಟಾರು ಹಚ್ಚಿರಿ. ಆಗ ಪೈಪನ್ನು ಯಾರೂ ಜಗ್ಗಿದಂತಾಗುವುದಿಲ್ಲ.

ಎರಡನೆಯದು ಪರೀಕ್ಷೆ. ನೀರಿನ ಪರೀಕ್ಷಾ ಕಿಟ್ಟುಗಳನ್ನು ಗ್ರಾಮ ಪಂಚಾಯಿತಿಗಳಿಗೆ ಕೊಡಲಾಗಿದೆ. ಎಷ್ಟೋ ಕಡೆ ಅವು ಕಪಾಟಿನಲ್ಲಿ ಕೂತಿವೆ. ಕೇಳಿ ಹೊರಗೆ ತೆಗೆಸಿರಿ. ಕೆಲವು ಹನಿ ದ್ರಾವಣ ಹಾಕಿ ಬಣ್ಣ ನೋಡಿ ಕ್ಲೋರಿನ್ ಇದೆಯೋ ಇಲ್ಲವೋ ತಿಳಿಯುವುದನ್ನು ಹೈಸ್ಕೂಲ್ ಮಕ್ಕಳೂ ಕಲಿಯಬಲ್ಲರು. ಬಸವದಳ, ಅಕ್ಕನ ಬಳಗದವರು ತಿಂಗಳಿಗೊಮ್ಮೆ ಕೊನೆಯ ನಳದಲ್ಲಿ ಪರೀಕ್ಷೆ ಮಾಡಿ ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆದರೆ ಸಾಕು, ನೀರುಗಂಟಿಯಿಂದ ಹಿಡಿದು ಎಂಜಿನಿಯರ್ ತನಕ ಎಲ್ಲರೂ ಎಚ್ಚರಾಗುತ್ತಾರೆ.

ಮೂರನೆಯದು ಮಳೆನೀರು. ಲೆಕ್ಕ ಸುಲಭವಿದೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬೀಳುವ ಒಣ ಊರಿನಲ್ಲೂ 100 ಚದರ ಮೀಟರ್ ಮಾಳಿಗೆಗೆ 50,000 ಲೀಟರ್. ಪೋಲಾಗುವುದನ್ನು ಕಳೆದರೂ 40,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 9,125 ಲೀಟರ್ ಮಾತ್ರ. ಈ ನೀರಿನಲ್ಲಿ ನೆಲದ ಫ್ಲೋರೈಡ್ ಇರುವುದಿಲ್ಲ. ಮೊದಲ ಮಳೆಯ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಮರಳಿನಲ್ಲಿ ಸೋಸಿ, ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಿದ ಟಾಕಿಯಲ್ಲಿ ಇಟ್ಟು, ಕುದಿಸಿ ಕುಡಿದರೆ ಆಯಿತು. 1,000 ಚದರ ಮೀಟರ್ ಮಾಳಿಗೆಯಿರುವ ಮಠಕ್ಕೆ ಇದೇ ಲೆಕ್ಕದಲ್ಲಿ ನಾಲ್ಕು ಲಕ್ಷ ಲೀಟರ್ ಬರುತ್ತದೆ. ತಲೆಗೆ ಐದು ಲೀಟರಿನಂತೆ ದಿನಕ್ಕೆ ಇನ್ನೂರು ಜನರ ದಾಸೋಹಕ್ಕೆ ವರ್ಷಪೂರ್ತಿ ಸಾಕಾಗುವಷ್ಟು ನೀರು ಅದು. ಕಮಾನು, ಮಹಾದ್ವಾರ ಕಟ್ಟಿಸಲು ದೇಣಿಗೆ ಕೊಡುವ ಭಕ್ತರು ಒಂದು ವರ್ಷ ಅದೇ ಹಣವನ್ನು ಮಳೆನೀರಿನ ಟಾಕಿಗೆ ಕೊಡಲಿ. ಸಮಾವೇಶಗಳಲ್ಲಿ ಪ್ಲಾಸ್ಟಿಕ್ ಬಾಟಲಿ ಹಂಚಿ, ಅರ್ಧ ಕುಡಿದು ಬಿಸಾಡುವುದೂ ತಪ್ಪುತ್ತದೆ.

ಕೊನೆಗೆ ಬೀಗರ ಮನೆಯ ವಿಷಯ. ಕಳೆದ ವರ್ಷ ನಾನು ಮತ್ತೆ ಆ ಊರಿಗೆ ಹೋಗಿ, ಹಿಂದೆ ಬಾಯಿ ಮುಚ್ಚಿಕೊಂಡು ಬಂದದ್ದು ನನ್ನ ತಪ್ಪು ಎಂದು ಬೀಗರಿಗೆ ಹೇಳಿದೆ. ಅವರಿಗೆ ಬೇಸರವಾಯಿತು, ಆ ರಾತ್ರಿ ನನ್ನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ತಿಂಗಳ ಮೇಲೆ ಫೋನ್ ಮಾಡಿ ನೆಲದ ಟಾಕಿಯ ಅಳತೆ ಕೇಳಿದರು. ಈಗ ಒಂಬತ್ತರಲ್ಲಿ ನಾಲ್ಕು ಮನೆಯವರು ಮೋಟಾರು ತೆಗೆದಿದ್ದಾರೆ, ಐವರು ತೆಗೆದಿಲ್ಲ. ಕೊನೆಯ ನಳದಲ್ಲಿ ಕೊಡ ತುಂಬುವುದಕ್ಕೆ ಈಗಲೂ ನಾಲ್ಕು ನಿಮಿಷ ಬೇಕು. ಕೆಲಸ ಮುಗಿದಿಲ್ಲ.

ಬರುವ ಬಸವ ಜಯಂತಿಯಂದು ಮೆರವಣಿಗೆ ಹೊರಡುವ ಮೊದಲು, ನೀರು ಬಿಡುವ ಹೊತ್ತಿಗೆ, ಒಂದು ಕೊಡ ಮತ್ತು ಕೈಗಡಿಯಾರ ತೆಗೆದುಕೊಂಡು ನಿಮ್ಮ ಊರಿನ ಕಟ್ಟಕಡೆಯ ನಳದ ಹತ್ತಿರ ಹೋಗಿ ನಿಲ್ಲಿರಿ ಎಂದು ಓದುಗ ಬಂಧುಗಳಲ್ಲಿ ಕೇಳಿಕೊಳ್ಳುತ್ತೇನೆ. ಕೊಡ ಎಷ್ಟು ಹೊತ್ತಿಗೆ ತುಂಬಿತು ನೋಡಿರಿ. ಆ ನೀರು ನಿಮ್ಮ ಮನೆಯ ಮಕ್ಕಳಿಗೆ ಕುಡಿಸಬಹುದೇ ಎಂದು ಯೋಚಿಸಿರಿ. ಆಗದು ಎನಿಸಿದರೆ ಅಲ್ಲಿಂದಲೇ ಕಾಯಕ ಸುರುವಾಗಲಿ.